ಹರಿದ ಹಾಯಿಗೆ ತೇಪೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹಾಯಿದೋಣಿಯಲ್ಲೇ ಸಂಸಾರ ಹೂಡಿ ದೇಶ ಸುತ್ತುವವರ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: ನಡುವೆ ಹಾಯಿ ಹರಿದರೆ ಗತಿ ಏನು, ಯಾರು ಹೊಲಿದುಕೊಡುತ್ತಾರೆ? ಒಂದು ಪತ್ರವಂತೂ ಹರಿದ ಹಾಯಿಯ ಪಕ್ಕದಲ್ಲೇ ಕೂತು ಬರೆದದ್ದು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳು ಕಾಯಲಿ.

ಪ್ರಶ್ನೆ: ನಮಸ್ಕಾರ ಸರ್. ನಾವು ಗಂಡ ಹೆಂಡತಿ, ಊರು ಶಿವಮೊಗ್ಗ ಕಡೆ, ಕೆಲಸ ಕ್ಯಾಲಿಫೋರ್ನಿಯಾದಲ್ಲಿ. ಒಂದು ವರ್ಷ ರಜೆ ಹಾಕಿ 38 ಅಡಿಯ ಹಳೇ ದೋಣಿಯಲ್ಲಿ ಸ್ಯಾನ್ ಡಿಯಾಗೋದಿಂದ ಮೆಕ್ಸಿಕೊಕ್ಕೆ ಬಂದಿದ್ದೇವೆ. ಎಸ್ಪಿರಿತು ಸಾಂತೊ ದ್ವೀಪದ ಹತ್ತಿರ ಲಂಗರು ಹಾಕಿದ್ದಾಗ ರಾತ್ರಿ ಬಡಗಣ ಗಾಳಿ ಜೋರಾಗಿ ಎದ್ದಿತು. ಸುತ್ತಿಟ್ಟಿದ್ದ ಜೆನೋವಾ (ಮುಂದಿನ ದೊಡ್ಡ ಹಾಯಿ) ಸ್ವಲ್ಪ ಬಿಚ್ಚಿಕೊಂಡು ಬೆಳಗಿನವರೆಗೂ ಪಟಪಟ ಬಡಿದುಕೊಂಡಿತು. ಈಗ ಹಿಂದಿನ ಅಂಚಿನಲ್ಲಿ ಎರಡು ಮಾರು ಹೊಲಿಗೆ ಬಿಟ್ಟಿದೆ, ಒಂದು ಕಡೆ ಬಟ್ಟೆಯೇ ಮೊಣಕೈ ಉದ್ದ ಸೀಳಿದೆ. ಲಾ ಪಾಜ್‌ಗೆ ವಾಪಸ್ ಬಂದಿದ್ದೇವೆ. ಹೊಸ ಹಾಯಿ ತರಿಸುವಷ್ಟು ದುಡ್ಡಿಲ್ಲ. ಪಕ್ಕದ ದೋಣಿಯವರು "ನಾವು ಕೈ ಹಾಕ್ತೀವಿ ಬಿಡಿ" ಅಂತಿದ್ದಾರೆ. ಪರಿಚಯವೇ ಇಲ್ಲದವರನ್ನು ನಂಬಿ ಇಷ್ಟು ದೊಡ್ಡ ಕೆಲಸಕ್ಕೆ ಇಳಿಯಬಹುದಾ? ಎಲ್ಲಿಂದ ಶುರು ಮಾಡೋದು?

ಉತ್ತರ: ನಂಬಿ. ದೋಣಿಯಲ್ಲಿ ವಾಸ ಮಾಡುವವರು ಇಂಥ ಮಾತನ್ನು ಸುಮ್ನೆ ಬಾಯಿಮಾತಿಗೆ ಆಡುವುದು ಕಡಿಮೆ. ಮುಂದಿನ ವಾರ ತಮ್ಮ ಎಂಜಿನ್ ನಿಂತರೆ ನಿಮ್ಮನ್ನೇ ಕೂಗಬೇಕಾಗುತ್ತೆ ಅಂತ ಅವರಿಗೂ ಗೊತ್ತಿರುತ್ತೆ, ಅಲ್ವಾ? ಆದರೆ ಅವರನ್ನು ಕರೆಯುವ ಮೊದಲು ನೀವಿಬ್ಬರೇ ಒಂದು ಪರೀಕ್ಷೆ ಮಾಡಿ. ಸತ್ತಿರುವುದು ನೂಲು ಮಾತ್ರವೋ, ಬಟ್ಟೆಯೂ ಸತ್ತಿದೆಯೋ ಅನ್ನುವುದು ಗೊತ್ತಾಗಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಹಳೇ ದೋಣಿ ಅಂದಿರಿ, ಹಾಗಾದರೆ ಹಾಯಿ ಬಹುಶಃ ಡೇಕ್ರಾನ್, ಅಂದರೆ ಪಾಲಿಯೆಸ್ಟರ್ ಬಟ್ಟೆಯದು. ಇದು ಒದ್ದೆಗೆ ಕೊಳೆಯುವ ಜಾತಿ ಅಲ್ಲ. ಇದನ್ನು ಕೊಲ್ಲುವುದು ಬಿಸಿಲು. ನೀವಿರುವ ಬಾಹಾ ಕ್ಯಾಲಿಫೋರ್ನಿಯಾ ಅಂದರೆ ಮರುಭೂಮಿ, ಅಲ್ಲಿ ಬಿಸಿಲಿಗೇನೂ ಬರ ಇಲ್ಲ. ಹೊಲಿಗೆಯ ನೂಲು ಬಟ್ಟೆಯ ಮೇಲೆ ಎದ್ದು ಕೂತಿರುತ್ತೆ, ಬಿಸಿಲೂ ಅದಕ್ಕೇ ಜಾಸ್ತಿ, ಉಜ್ಜಾಟವೂ ಅದಕ್ಕೇ ಜಾಸ್ತಿ. ಆದ್ದರಿಂದ ಬಟ್ಟೆ ಇನ್ನೂ ಗಟ್ಟಿ ಇರುವಾಗಲೇ ನೂಲು ಹೋಗಿಬಿಡುತ್ತೆ. ಒಂದೆರಡು ಕಡೆ ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ಪಟ್ಟನೆ ತುಂಡಾಗಿ ಬಂದರೆ ನೂಲಿನ ಆಯಸ್ಸು ಮುಗಿದಿದೆ ಅಂತ. ಆಮೇಲೆ ಸೀಳಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಬಟ್ಟೆ ಜಗ್ಗದೆ ನಿಂತರೆ ಸಂತೋಷ, ಕೆಲಸಕ್ಕೆ ಇಳಿಯಿರಿ. ಹಳೇ ರೇಷ್ಮೆ ಸೀರೆ ಮಡಿಕೆಯಲ್ಲಿ ಸೀಳುವ ಹಾಗೆ ಸರ್ರನೆ ಬಿಟ್ಟುಕೊಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಸತ್ತ ಬಟ್ಟೆಗೆ ಎಷ್ಟು ಚೆನ್ನಾಗಿ ತೇಪೆ ಹಾಕಿದರೂ ಮೊದಲ ಜೋರು ಗಾಳಿಗೇ ತೇಪೆಯ ಪಕ್ಕದಲ್ಲಿ ಮತ್ತೆ ಹರಿಯುತ್ತೆ. ಅದಕ್ಕಾಗಿ ನೆರೆಯವರ ಎರಡು ದಿನ ಹಾಳು ಮಾಡುವುದು ಸರಿಯಲ್ಲ. ಆಗ ಅವರ ಹತ್ತಿರ ಕೇಳಬೇಕಾದ್ದು ಹೊಲಿಗೆಯ ಸಹಾಯ ಅಲ್ಲ, ನಿಮ್ಮ ಅಳತೆಗೆ ಹತ್ತಿರದ ಹಳೇ ಹಾಯಿ ಯಾರ ಹತ್ತಿರವಾದರೂ ಇದೆಯಾ ಅಂತ.

ನೀವು ಹೇಳುವ ಹರಿದ ಜಾಗ ನೋಡಿದರೆ ಹಾಯಿ ಉಳಿದೀತು ಅಂತ ನನಗೆ ಆಸೆ ಇದೆ. ಸುತ್ತಿಡುವ ಜೆನೋವಾದ ಹಿಂದಿನ ಅಂಚಿಗೂ ಕೆಳಗಿನ ಅಂಚಿಗೂ ಬಿಸಿಲು ತಡೆಯಲು ಒಂದು ದಪ್ಪ ಬಟ್ಟೆಯ ಪಟ್ಟಿ ಹೊಲಿದಿರುತ್ತಾರೆ, ಹೆಚ್ಚಾಗಿ ಸನ್‌ಬ್ರೆಲಾ ಅನ್ನುವ ಅಕ್ರಿಲಿಕ್ ಬಟ್ಟೆಯದು. ಹಾಯಿ ಸುತ್ತಿದಾಗ ಹೊರಗೆ ಕಾಣುವುದು ಈ ಪಟ್ಟಿ ಮಾತ್ರ. ಎರಡು ಮಾರು ಬಿಟ್ಟಿರುವುದು ಈ ಪಟ್ಟಿಯ ಹೊಲಿಗೆಯೇ ಆಗಿದ್ದರೆ ಒಳಗಿನ ಹಾಯಿಬಟ್ಟೆ ಇಷ್ಟು ವರ್ಷ ನೆರಳಲ್ಲೇ ಇದ್ದಿರುತ್ತೆ, ಚೆನ್ನಾಗಿಯೇ ಇರಬಹುದು.

ಈಗ ಸಹಾಯದ ಮಾತು. ಲಾ ಪಾಜ್‌ನಲ್ಲಿ ಭಾನುವಾರ ಬಿಟ್ಟು ದಿನಾ ಬೆಳಗ್ಗೆ 8ಕ್ಕೆ ವಿಎಚ್‌ಎಫ್ ರೇಡಿಯೊದ 22ನೇ ಚಾನೆಲ್‌ನಲ್ಲಿ ದೋಣಿಯವರ ಸಭೆ ಸೇರುತ್ತೆ. ಅದಕ್ಕೆ ನೆಟ್ ಅಂತಾರೆ. ಯಾರು ಬಂದರು, ಯಾರು ಹೊರಟರು, ಹವಾಮಾನ, ಉಬ್ಬರ ಇಳಿತ, ಆಮೇಲೆ ಯಾರಿಗೆ ಏನು ಸಹಾಯ ಬೇಕು, ಯಾರ ಹತ್ತಿರ ಏನು ಹೆಚ್ಚಿಗೆ ಇದೆ, ಹೀಗೆ ಸಾಲಾಗಿ ನಡೆಯುತ್ತೆ. ಸಹಾಯದ ಸರದಿ ಬಂದಾಗ ದೋಣಿಯ ಹೆಸರು ಹೇಳಿ, ನಿಮಗೆ ಬೇಕಾದ್ದನ್ನು ಬಿಡಿಸಿ ಹೇಳಿ. "ಹಾಯಿ ಹರಿದಿದೆ, ಯಾರಾದರೂ ಸಹಾಯ ಮಾಡಿ" ಅಂದರೆ ಎಲ್ಲರೂ ಅಯ್ಯೋ ಪಾಪ ಅಂದು ಸುಮ್ಮನಾಗಬಹುದು. "ಅಂಕುಡೊಂಕು ಹೊಲಿಗೆಯ ಮೆಷಿನ್ ಒಂದು ದಿನಕ್ಕೆ ಬೇಕು, ಎಂಟು ಔನ್ಸಿನ ಡೇಕ್ರಾನ್ ತುಂಡು ಒಂದು ಮೀಟರ್ ಬೇಕು, ನಾಳೆ ಬೆಳಗ್ಗೆ ಹಾಯಿ ಇಳಿಸಲು ಎರಡು ಜನ ಬೇಕು, ನೂಲು ನಮ್ಮ ಹತ್ತಿರ ಇದೆ" ಅಂದು ನೋಡಿ, ಮೂರು ಕಡೆಯಿಂದ ಉತ್ತರ ಬರುತ್ತೆ. ಔನ್ಸು ಅಂದರೆ ಬಟ್ಟೆಯ ತೂಕದ ಲೆಕ್ಕ, ಅದು ಗೊತ್ತಿಲ್ಲದಿದ್ದರೆ ಹಾಯಿಯ ಒಂದು ಮೂಲೆಯನ್ನೇ ತೋರಿಸಿ ಅದಕ್ಕೆ ಹೊಂದುವ ಬಟ್ಟೆ ಕೇಳಿ.

ಒಂದು ತಮಾಷೆಯ ವಿಷಯ ಗೊತ್ತಿರಲಿ. ಹೊರಗಿನಿಂದ ದೋಣಿಯಲ್ಲಿ ತಂದ ಸಾಮಾನನ್ನು ಸುಂಕ ಕಟ್ಟದೆ ಮೆಕ್ಸಿಕೊದಲ್ಲಿ ಮಾರುವ ಹಾಗಿಲ್ಲ. ಹಾಗಾಗಿ ನೆಟ್‌ನಲ್ಲಿ ಯಾರೂ ಡಾಲರ್ ಮಾತೆತ್ತುವುದಿಲ್ಲ. "ಒಂದು ಹಳೇ ಹಾಯಿ ಇದೆ, ಇಷ್ಟು ತೆಂಗಿನಕಾಯಿ" ಅಂತಾರೆ. ಕೇಳಿ ಗಾಬರಿಯಾಗಿ ಮಾರ್ಕೆಟ್ಟಿಗೆ ಓಡಬೇಡಿ! ಹಾಗಂತ ಕೆಲಸ ಮಾಡಿದವರಿಗೆ ಏನೂ ಕೊಡದೆ ಕಳಿಸುವುದೂ ಚೆನ್ನಾಗಿರಲ್ಲ. ಬಟ್ಟೆ, ನೂಲು, ಸೂಜಿ ಯಾರದ್ದು ಖರ್ಚಾಯಿತೋ ಅವರಿಗೆ ಹೊಸದು ತಂದುಕೊಡಿ, ಎರಡು ಹೊತ್ತಿನ ಊಟ ನಿಮ್ಮದಿರಲಿ. ತಮ್ಮ ದೋಣಿಯ ಅಡುಗೆಯನ್ನೇ ತಿಂಗಳುಗಟ್ಟಲೆ ಉಂಡವರಿಗೆ ಚಿತ್ರಾನ್ನ, ಫಿಲ್ಟರ್ ಕಾಫಿ ಕೊಟ್ಟು ನೋಡಿ, ಮುಂದಿನ ಸಲ ಕರೆಯದೇ ಬರುತ್ತಾರೆ.

ಹಾಯಿ ಇಳಿಸುವುದನ್ನು ಬೆಳಗ್ಗೆ ಗಾಳಿ ಏಳುವ ಮೊದಲೇ ಮುಗಿಸಿ. ಜೆನೋವಾ ಇಳಿಸಬೇಕಾದರೆ ಒಮ್ಮೆ ಪೂರ್ತಿ ಬಿಚ್ಚಲೇಬೇಕು, ಆ ಹೊತ್ತಿಗೆ ಗಾಳಿ ಬಂದರೆ ಸೀಳು ಇನ್ನೂ ಉದ್ದವಾಗುತ್ತೆ. ಒಬ್ಬರು ಕೂವೆಮರದ (ಹಾಯಿ ಏರಿಸುವ ಕಂಬ) ಹತ್ತಿರ ನಿಂತು ಹಗ್ಗ ಸಡಿಲಿಸಲಿ, ಇಬ್ಬರು ಮುಂದೆ ನಿಂತು ಹಾಯಿಯನ್ನು ಕೆಳಗೆಳೆದು ಡೆಕ್ ಮೇಲೆ ತಬ್ಬಿಕೊಳ್ಳಲಿ. ನಿಮ್ಮ ಅಳತೆಯ ದೋಣಿಯ ಜೆನೋವಾ ಅಂದರೆ 40 ಚದರ ಮೀಟರ್ ಆಸುಪಾಸು. ಅದನ್ನು ದೋಣಿಯಲ್ಲೇ ಹರಡಿ ಹೊಲಿಯುತ್ತೇನೆ ಅನ್ನುವ ಆಸೆ ಬಿಡಿ. ದಡದಲ್ಲಿ ಗಟ್ಟಿ ನೆಲದ ಜಾಗ ಹುಡುಕಿ, ಟಾರ್ಪಾಲ್ ಹಾಸಿ. ಮರಳಿನ ಮೇಲೆ ಮಾತ್ರ ಹರಡಬೇಡಿ, ಹೊಲಿಗೆಯೊಳಗೆ ಸೇರಿದ ಮರಳು ನೂಲನ್ನು ತಿನ್ನುತ್ತಲೇ ಇರುತ್ತೆ, ಮೆಷಿನ್‌ಗೂ ಒಳ್ಳೆಯದಲ್ಲ. ಕ್ಲಬ್ ಕ್ರುಸೆರೋಸ್ ಅಂತ ದೋಣಿಯವರ ಸಂಘ ಇದೆಯಲ್ಲ, ಜಾಗ ಎಲ್ಲಿ ಸಿಗುತ್ತೆ ಅಂತ ಅಲ್ಲಿ ಕಾಫಿಗೆ ಕೂತವರನ್ನು ಕೇಳಿ.

ಆಮೇಲೆ ಉಪ್ಪು ತೊಳೆಯಬೇಕು, ಸಿಹಿನೀರಿನಲ್ಲೇ. ಈ ಹೆಜ್ಜೆ ಬಿಟ್ಟವರೇ ಜಾಸ್ತಿ, ಆಮೇಲೆ ತೇಪೆ ಅಂಟಲಿಲ್ಲ ಅಂತ ಟೇಪಿಗೆ ಬೈಯುವವರೂ ಅವರೇ. ಪೂರ್ತಿ ಒಣಗಿದ ಮೇಲೆ ತೇಪೆ ಹಾಕುವ ಜಾಗವನ್ನು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಆಲ್ಕೊಹಾಲ್‌ನಿಂದ ಒರೆಸಿ. ಸೀಳಿದ ಅಂಚುಗಳನ್ನು ಒಂದಕ್ಕೊಂದು ಸೇರಿಸಿ, ಸುಕ್ಕಿಲ್ಲದೆ, ಎಳೆಯದೆ, ಇದ್ದ ಹಾಗೇ ಕೂರಿಸಿ. ಇದಕ್ಕೆ ನಾಲ್ಕು ಕೈ ಬೇಕು. ಹೊಲಿಗೆ ಗೊತ್ತಿಲ್ಲದ ನೆರೆಯವರು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲೇ.

ತೇಪೆಯ ಬಟ್ಟೆ ಹಾಯಿಯಷ್ಟೇ ದಪ್ಪ ಇರಲಿ ಅಥವಾ ಒಂದು ಚೂರು ತೆಳು. ದಪ್ಪ ಹಾಕಿದರೆ ಗಟ್ಟಿ ಅಂದುಕೊಳ್ಳುತ್ತಾರೆ, ಆದರೆ ಗಟ್ಟಿ ತೇಪೆಯ ಅಂಚಿನಲ್ಲೇ ಹಾಯಿ ಮಡಿದು ಮಡಿದು ಹೊಸದಾಗಿ ಸೀಳುತ್ತೆ. ಸೀಳಿನ ಸುತ್ತ ಎಲ್ಲ ಕಡೆ 5 ಸೆಂಟಿಮೀಟರ್ ಆದರೂ ಹೊರಗೆ ಬರುವಷ್ಟು ದೊಡ್ಡದು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತೆ. ಹಾಸು ಹೊಕ್ಕು ಎರಡೂ ಹಾಯಿಯ ಹಾಸು ಹೊಕ್ಕಿಗೆ ಸರಿಯಾಗಿ ಕೂರಬೇಕು, ಓರೆಯಾಗಿ ಕೂತರೆ ಗಾಳಿ ತುಂಬಿದಾಗ ತೇಪೆ ಒಂದು ಕಡೆ, ಹಾಯಿ ಒಂದು ಕಡೆ ಎಳೆಯುತ್ತೆ. ಅಂಚನ್ನು ಬಿಸಿ ಚಾಕುವಿನಿಂದ ಕತ್ತರಿಸಿದರೆ ಎಳೆ ಬಿಡುವುದಿಲ್ಲ. ಆಮೇಲೆ ಎರಡೂ ಬದಿ ಅಂಟುವ ಟೇಪಿನಿಂದ ತೇಪೆಯನ್ನು ಕೂರಿಸಿಕೊಳ್ಳಿ. ಗುಂಡುಪಿನ್ನು ಚುಚ್ಚುತ್ತಾ ಕೂರಬೇಡಿ, ಡೇಕ್ರಾನ್ ಜಾರುತ್ತೆ.

ಮೆಷಿನ್ ವಿಷಯ. ಅಮೆರಿಕದ ಸೇಲ್‌ರೈಟ್ ಕಂಪನಿಯ ಅಲ್ಟ್ರಾಫೀಡ್ ಅನ್ನುವ ಮೆಷಿನ್ ಇಟ್ಟುಕೊಂಡ ದೋಣಿ ನಿಮ್ಮ ಸುತ್ತಮುತ್ತ ಒಂದಾದರೂ ಇರುತ್ತೆ. ಅದರ ಮೇಲಿನ ಪಾದವೂ ಬಟ್ಟೆಯನ್ನು ಹಿಡಿದು ಮುಂದೆ ನಡೆಸುತ್ತೆ, ಆದ್ದರಿಂದ ನಾಲ್ಕಾರು ಪದರ ಇದ್ದರೂ ಜಾರುವುದಿಲ್ಲ. ಆ ಮೆಷಿನ್ ಇದ್ದವರನ್ನು "ಮೆಷಿನ್ ಕೊಡಿ" ಅಂತ ಕೇಳುವುದಕ್ಕಿಂತ "ಮೆಷಿನ್ ಜೊತೆ ನೀವೂ ಬನ್ನಿ" ಅಂತ ಕೇಳಿ. ತಮ್ಮ ಮೆಷಿನ್ ಬೇರೆಯವರ ಕೈಗೆ ಕೊಡಲು ಯಾರಿಗೂ ಮನಸ್ಸು ಬರಲ್ಲ, ಅದು ನ್ಯಾಯವೂ ಹೌದು. ಹಾಯಿಯನ್ನು ಎರಡೂ ಕಡೆಯಿಂದ ಬಿಗಿಯಾಗಿ ಸುರುಳಿ ಸುತ್ತಿ ಕ್ಲಿಪ್ ಹಾಕಿ, ಹೊಲಿಯುವ ಜಾಗ ಮಾತ್ರ ಬಿಡಿ. ಒಬ್ಬರು ಹೊಲಿಯಲಿ, ಒಬ್ಬರು ಸುರುಳಿಯನ್ನು ಒಳಗೆ ಕೊಡಲಿ, ಇನ್ನೊಬ್ಬರು ಆ ಕಡೆ ತಗೊಳ್ಳಲಿ. ಭಾರವೆಲ್ಲ ಈ ಇಬ್ಬರ ಕೈಯಲ್ಲಿರಬೇಕು. ಹೊಲಿಯುವವರೇ ಎಳೆದರೆ ಸೂಜಿ ಮುರಿಯುತ್ತೆ. ಹೊಲಿಗೆ ಅಂಕುಡೊಂಕಾಗಿರಲಿ, ನೂಲು ಬಿಸಿಲು ತಡೆಯುವ ಪಾಲಿಯೆಸ್ಟರ್ ಇರಲಿ, ವಿ-69 ಅಥವಾ ವಿ-92 ಅಂದರೆ ಅವರಿಗೆ ತಿಳಿಯುತ್ತೆ. ಸೂಜಿ 16 ಇಲ್ಲವೇ 18ನೇ ನಂಬರ್. ಬಿಸಿಲಿಗೆ ಜಗ್ಗದ, ಟೆಫ್ಲಾನ್ ಜಾತಿಯ ಪಿಟಿಎಫ್‌ಇ ನೂಲೂ ಸಿಗುತ್ತೆ, ಹಾಯಿಬಟ್ಟೆಗಿಂತ ಜಾಸ್ತಿ ಬಾಳುತ್ತೆ, ಆದರೆ ಬೆಲೆ ಜೋರು, ಜಾರುವ ನೂಲಾದ್ದರಿಂದ ಮೆಷಿನ್ ಹದ ಮಾಡುವುದೂ ಕಷ್ಟ. ನಿಮ್ಮ ಹಳೇ ಹಾಯಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಕೂವೆಮರದ ತುದಿಗೆ ಹೋಗುವ ಮೂಲೆ, ಹಗ್ಗ ಕಟ್ಟುವ ಹಿಂದಿನ ಮೂಲೆ, ಹಾಯಿ ಸುತ್ತುವ ಸಾಧನವಾದ ಫರ್ಲರಿನ ಸಂದಿನೊಳಗೆ ಜಾರುವ ಮುಂದಿನ ಅಂಚಿನ ಹಗ್ಗಪಟ್ಟಿ, ಇವು ಹರಿದಿದ್ದರೆ ಮಾತ್ರ ಗೆಳೆಯರ ಕೈಯಲ್ಲಿ ಆಗದ ಕೆಲಸ. ಹಾಯಿ ಹೊಲಿಯುವ ಅಂಗಡಿಗೇ ಕೊಡಿ. ಅಲ್ಲಿ ಹತ್ತಾರು ಪದರ ಇರುತ್ತೆ, ಹಾಯಿಯ ಎಳೆತವೆಲ್ಲ ಅಲ್ಲೇ ಬೀಳುವುದು.

ಇನ್ನೊಂದು. ಸಹಾಯಕ್ಕೆ ಐದು ಜನ ಬಂದರೆ ಏಳು ಅಭಿಪ್ರಾಯ ಬರುತ್ತವೆ. ಒಬ್ಬರು ಅಂಟು ಸಾಕು ಅಂತಾರೆ, ಇನ್ನೊಬ್ಬರು ಮೂರು ಸಾಲು ಹೊಲಿ ಅಂತಾರೆ. ಹಿಂದೆ ತಮ್ಮ ಹಾಯಿಗೆ ತಾವೇ ತೇಪೆ ಹಾಕಿ, ಆ ತೇಪೆಯ ಮೇಲೆ ಒಂದಿಷ್ಟು ದೂರ ಬಂದವರು ಯಾರೋ ಅವರ ಮಾತು ಕೇಳಿ. ಬೇಕಿದ್ದರೆ ಅವರ ತೇಪೆಯನ್ನೇ ತೋರಿಸಿ ಅನ್ನಿ. ಖುಷಿಯಿಂದ ತೋರಿಸ್ತಾರೆ.

ಮುಂದಿನ ಸಲ ಲಂಗರು ಹಾಕಿದಾಗ ಜೆನೋವಾವನ್ನು ಬಿಗಿಯಾಗಿ ಸುತ್ತಿ, ಹಗ್ಗವೂ ಎರಡು ಮೂರು ಸುತ್ತು ಮೇಲೆ ಬರುವಷ್ಟು ಜಾಸ್ತಿ ಸುತ್ತಿ, ಕೈಗೆ ಎಟುಕುವ ಎತ್ತರದಲ್ಲಿ ಇನ್ನೊಂದು ಪಟ್ಟಿ ಕಟ್ಟಿ. ಆ ಕಡಲಲ್ಲಿ ಚಳಿಗಾಲದ ಬಡಗಣ ಗಾಳಿ ಬಂದರೆ ಕೆಲವು ಸಲ ದಿನಗಟ್ಟಲೆ ಬಿಡುವುದಿಲ್ಲ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಹಲಸೂರು ಕೆರೆಯಲ್ಲಿ ಆಪ್ಟಿಮಿಸ್ಟ್ ಅನ್ನುವ ಮಕ್ಕಳ ಹಾಯಿದೋಣಿ ಕಲಿಯುತ್ತಿದ್ದಾಳೆ. ಹಾಯಿಯಲ್ಲಿ ಅಂಗೈ ಅಗಲದ ಸೀಳು ಬಿದ್ದಿದೆ. ನಮ್ಮ ಮನೆಯ ಉಷಾ ಮೆಷಿನ್‌ನಲ್ಲಿ ನಾನೇ ಹೊಲಿಯಬಹುದಾ? ಬ್ಲೌಸ್ ಹೊಲಿದು ಅಭ್ಯಾಸ ಇದೆ.

ಉತ್ತರ: ಧಾರಾಳವಾಗಿ ಹೊಲಿಯಿರಿ ಮೇಡಂ. ಆಪ್ಟಿಮಿಸ್ಟ್ ಹಾಯಿ ಮೂರೂವರೆ ಚದರ ಮೀಟರ್ ಹತ್ತಿರ ಅಷ್ಟೇ, ಊಟದ ಮೇಜಿನ ಮೇಲೆ ಹರಡಬಹುದು. ಬ್ಲೌಸಿನ ಸೂಜಿ ತೆಗೆದು 16ನೇ ನಂಬರ್ ಹಾಕಿ. ಹತ್ತಿ ನೂಲು ಬೇಡ, ಪಾಲಿಯೆಸ್ಟರ್ ನೂಲು ಹಾಕಿ. ಹೊಲಿಗೆ ಉದ್ದವಾಗಿರಲಿ. ಬ್ಲೌಸಿನ ಹಾಗೆ ಒತ್ತೊತ್ತಾಗಿ ಹೊಲಿದರೆ ಸೂಜಿ ತೂತುಗಳ ಸಾಲಿನಲ್ಲೇ ಬಟ್ಟೆ ಹರಿದುಕೊಳ್ಳುತ್ತೆ. ನಿಮ್ಮ ಮೆಷಿನ್‌ನಲ್ಲಿ ಅಂಕುಡೊಂಕು ಬರದಿದ್ದರೆ ನೇರ ಹೊಲಿಗೆಯನ್ನೇ ಎರಡು ಸಾಲು ಹಾಕಿ, ಕೆರೆಯ ಗಾಳಿಗೆ ಸಾಕು. ಮೊದಲು ಕೋಚ್‌ಗೆ ಒಂದು ಮಾತು ಹೇಳಿ. ಹಾಯಿ ಕ್ಲಬ್ಬಿನದಾದರೆ ಅವರೇ ಟೇಪು ಕೊಟ್ಟಾರು, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಲ್ಲೇ ತೇಪೆ ಕತ್ತರಿಸಿ.

ಪ್ರಶ್ನೆ: ಆಕ್ಲೆಂಡ್‌ನಲ್ಲಿದ್ದೇನೆ. ಗೆಳೆಯರ ಜೊತೆ ಶನಿವಾರ ದೋಣಿಗೆ ಹೋಗುವ ಅಭ್ಯಾಸ. ಅವರ ಸ್ಪಿನೇಕರ್ (ಗಾಳಿ ಹಿಂದಿನಿಂದ ಬೀಸುವಾಗ ಮುಂದೆ ಬಿಚ್ಚುವ ಉಬ್ಬು ಹಾಯಿ) ನನ್ನ ಕೈಯಲ್ಲೇ ಹರಿಯಿತು. ರಿಪೇರಿ ನಾನೇ ಮಾಡಿಕೊಡಬೇಕು ಅನ್ನಿಸುತ್ತಿದೆ. ಮೇಲೆ ಹೇಳಿದ ಡೇಕ್ರಾನ್ ಲೆಕ್ಕ ಇದಕ್ಕೂ ಬರುತ್ತಾ?

(ಮೇಲಿನ ಉತ್ತರದ ಒಂದಿಷ್ಟು ಭಾಗವನ್ನು ಇವರಿಗೆ ಮೊದಲೇ ಕಳಿಸಿದ್ದೆ.)

ಉತ್ತರ: ಬರಲ್ಲ. ಸ್ಪಿನೇಕರ್ ತೆಳು ನೈಲಾನ್, ಎಳೆದರೆ ಹಿಗ್ಗುತ್ತೆ. ಅದರಲ್ಲಿ ಚೌಕುಳಿ ಚೌಕುಳಿಯಾಗಿ ದಪ್ಪ ಎಳೆ ನೇಯ್ದಿರುವುದು ಸೀಳು ಓಡದಿರಲಿ ಅಂತಲೇ. ಸೀಳು ಚಿಕ್ಕದಾದರೆ ಹೊಲಿಯಲೇಬೇಡಿ. ದೊಡ್ಡ ರಟ್ಟಿನ ಮೇಲೆ ಹಾಯಿಯನ್ನು ಸುಕ್ಕಿಲ್ಲದೆ ಹರಡಿ, ಅಂಚು ಸೇರಿಸಿ, ಅದೇ ಬಟ್ಟೆಯ ಅಂಟುಟೇಪನ್ನು ಎರಡೂ ಬದಿಗೆ ಹಾಕಿ, ಚಮಚದ ಬೆನ್ನಿನಿಂದ ಗಟ್ಟಿಯಾಗಿ ಉಜ್ಜಿ. ಉದ್ದ ಸೀಳಾದರೆ ಟೇಪಿನ ಅಂಚಿಗೆ ತೆಳು ಸೂಜಿಯಲ್ಲಿ ಅಂಕುಡೊಂಕು ಹೊಲಿಗೆ ಬೇಕು. ಬಣ್ಣ ಹೊಂದಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಗೆಳೆಯರನ್ನೂ ಕೂರಿಸಿಕೊಂಡು ಮಾಡಿ, ಹಾಯಿ ಅವರದ್ದು, ತೇಪೆ ಹೇಗೆ ಕೂತಿದೆ ಅನ್ನುವುದು ಅವರಿಗೂ ಗೊತ್ತಿರಬೇಕು. ಇನ್ನು ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿದ ಲ್ಯಾಮಿನೇಟ್ ಹಾಯಿಗಳಿಗಂತೂ ಸೂಜಿ ತೂತು ಆದಷ್ಟು ಕಡಿಮೆ ಮಾಡಿ, ಅಲ್ಲಿ ಅಂಟೇ ಮುಖ್ಯ.

ಪ್ರಶ್ನೆ: ಅಭಿಲಾಷ್ ಟಾಮಿ ಅವರು ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಒಬ್ಬರೇ ಭೂಮಿ ಸುತ್ತಿದರಲ್ಲ, ಅಂಥವರ ಹಾಯಿ ಹರಿದರೆ ದಾರಿಯಲ್ಲಿ ಸಿಕ್ಕ ದೋಣಿಯವರು ಸಹಾಯ ಮಾಡಬಹುದಾ? — ಕಾರವಾರದ ವಿದ್ಯಾರ್ಥಿ

ಉತ್ತರ: ಇಲ್ಲಪ್ಪ. ಆ ರೇಸಿನ ನಿಯಮವೇ ಅದು, ಹೊರಗಿನವರ ಕೈ ತಾಗಬಾರದು, ಎಲ್ಲೂ ಬಂದರಿಗೆ ಹೋಗಿ ರಿಪೇರಿ ಮಾಡಿಸಬಾರದು. ಸೂಜಿ, ನೂಲು, ಬಟ್ಟೆ ಎಲ್ಲ ಹೊರಡುವಾಗಲೇ ದೋಣಿಯಲ್ಲಿರಬೇಕು. ಟಾಮಿ 2018ರ ರೇಸಿನಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನಿಗೆ ಪೆಟ್ಟಾಗಿ ಅರ್ಧಕ್ಕೇ ನಿಂತರು, ಮತ್ತೆ 2022ರಲ್ಲಿ ಹೊರಟು 2023ರಲ್ಲಿ ಎರಡನೆಯವರಾಗಿ ಮುಗಿಸಿದರು. ನೌಕಾಪಡೆಯ ತಾರಿಣಿ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ 2024-25ರಲ್ಲಿ ಭೂಮಿ ಸುತ್ತಿದ್ದು ಬೇರೆ ಬಗೆ, ಅವರು ಫ್ರೀಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟಾನ್ಲಿ, ಕೇಪ್ ಟೌನ್‌ಗಳಲ್ಲಿ ನಿಂತು ಹೋದವರು.

ಗೋಲ್ಡನ್ ಗ್ಲೋಬ್ ರೇಸಿನ ಮೂಲ 1968ರದ್ದು. ಆಗ ಗೆದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಸುಹೈಲಿ ದೋಣಿ ತಯಾರಾದದ್ದು ನಮ್ಮ ಬಾಂಬೆಯಲ್ಲಿ, ತೇಗದಲ್ಲಿ. 312 ದಿನ ಒಬ್ಬರೇ. ಒಮ್ಮೆ ಹಾಯಿ ಹೊಲಿಯುತ್ತಾ ಕೂತವರು ತಮ್ಮ ಮೀಸೆಯನ್ನೂ ಅದಕ್ಕೇ ಸೇರಿಸಿ ಗಂಟು ಹಾಕಿಬಿಟ್ಟಿದ್ದರು. ಚಾಕು ಕೈಗೆ ಎಟುಕದೆ, ಕೊನೆಗೆ ತಲೆಯನ್ನು ಹಿಂದಕ್ಕೆ ಜಗ್ಗಿ ಬಿಡಿಸಿಕೊಳ್ಳಬೇಕಾಯಿತು, ಒಂದಿಷ್ಟು ಮೀಸೆ ಹಾಯಿಗೇ ಹೋಯಿತು. ಪಕ್ಕದಲ್ಲಿ ಒಬ್ಬ ನೆರೆಯವ ಇದ್ದಿದ್ದರೆ ಕತ್ತರಿ ಕೊಡುತ್ತಿದ್ದ.

ಪ್ರಶ್ನೆ: ನಮ್ಮಜ್ಜ ಪತ್ತೆಮಾರಿಯಲ್ಲಿ (ಸರಕು ಸಾಗಿಸುವ ಹಾಯಿಹಡಗು) ಮಂಗಳೂರು ಹಂಚು ಹೇರಿಕೊಂಡು ಬಾಂಬೆಗೆ ಹೋಗುತ್ತಿದ್ದರಂತೆ. ಅವರ ದಬ್ಬಣ ಇನ್ನೂ ಮನೆಯಲ್ಲಿದೆ. ಈಗಿನ ಹಾಯಿಗೂ ಅದು ಆಗುತ್ತಾ? — ಕುಂದಾಪುರ

ಉತ್ತರ: ಅಜ್ಜನ ಕಾಲದ್ದು ಹತ್ತಿ ಹಾಯಿ, ನೇಯ್ಗೆ ಸಡಿಲ, ದಪ್ಪ ದಬ್ಬಣ ಹೋದರೂ ಎಳೆಗಳು ಸರಿದು ಜಾಗ ಕೊಡುತ್ತವೆ. ಡೇಕ್ರಾನ್ ತುಂಬ ಬಿಗಿ ನೇಯ್ಗೆ, 1950ರ ದಶಕದಿಂದ ಈಚೆಗೆ ಬಂದದ್ದು. ದಪ್ಪ ದಬ್ಬಣ ಹೊಕ್ಕರೆ ದೊಡ್ಡ ತೂತು ಉಳಿಯುತ್ತೆ. ಅದಕ್ಕೆ ಮೂರು ಮೂಲೆ ಮೊನೆಯ ತೆಳು ಸೂಜಿ ಬೇಕು, ಅಂಗೈಗೆ ಚರ್ಮದ ಪಟ್ಟಿ ಬೇಕು, ಅದರಲ್ಲೊಂದು ಲೋಹದ ಬಿಲ್ಲೆ ಇರುತ್ತೆ, ಸೂಜಿಯ ಹಿಂಭಾಗವನ್ನು ಅದರಿಂದಲೇ ತಳ್ಳುವುದು. ನೂಲಿಗೆ ಜೇನುಮೇಣ ಸವರಿದರೆ ಗಂಟು ಕಟ್ಟಲ್ಲ. ಹೊಲಿಗೆ ಬಿಟ್ಟ ಕಡೆ ಹಳೇ ತೂತುಗಳಲ್ಲೇ ಸೂಜಿ ಹಾಕಿಕೊಂಡು ಹೋದರೆ ಅರ್ಧ ಶ್ರಮ ಉಳಿಯುತ್ತೆ. ಅಜ್ಜನ ದಬ್ಬಣವನ್ನು ಎಸೆಯಬೇಡಿ. ಎಣ್ಣೆ ಸವರಿ ಇಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ ಸರ್, ಡಕ್ಟ್ ಟೇಪ್ ಹಾಕಿದರೆ ಆಗಲ್ವಾ?

ಉತ್ತರ: ಮುಂದಿನ ಬಂದರು ಮುಟ್ಟುವವರೆಗೆ ಆದೀತು. ಆಮೇಲೆ ಬಿಸಿಲಿಗೆ ಅಂಟು ಕರಗಿ ಬಟ್ಟೆಯೊಳಗೆ ಇಳಿಯುತ್ತೆ, ಅದರ ಮೇಲೆ ಒಳ್ಳೇ ಟೇಪೂ ಅಂಟಲ್ಲ, ಮೆಷಿನ್ ಸೂಜಿಗೂ ಮೆತ್ತಿಕೊಳ್ಳುತ್ತೆ. ಸಹಾಯಕ್ಕೆ ಬಂದ ನೆರೆಯವರು ಮೊದಲ ಒಂದು ಗಂಟೆ ಅದನ್ನು ಕೆರೆಯುವುದರಲ್ಲೇ ಕಳೆಯಬೇಕು. ಮೇನ್‌ಸೇಲ್ (ಕೂವೆಮರದ ಹಿಂದಿನ ಮುಖ್ಯ ಹಾಯಿ) ಆಗಿದ್ದು ಸೀಳು ಕೆಳಭಾಗದಲ್ಲಿದ್ದರೆ ಟೇಪೂ ಬೇಡ. ರೀಫ್ ಹಾಕಿ, ಅಂದರೆ ಸೀಳು ಮಡಿಕೆಯೊಳಗೆ ಹೋಗುವಷ್ಟು ಹಾಯಿ ಇಳಿಸಿಕೊಂಡು, ಉಳಿದಷ್ಟರಲ್ಲೇ ನಿಧಾನಕ್ಕೆ ಬಂದರು ಸೇರಿ.